ತೆಂಗಿನ ಮರ ಹತ್ತಿದ ರೋಗಿ

ಸಂಬಳವಿಲ್ಲದ ಕೆಲಸದಲ್ಲಿ ಒಂದು ಸುಖವಿದೆ, ಕೆಲಸದಿಂದ ತೆಗೆದುಹಾಕುತ್ತಾರೆಂಬ ಭಯವಿಲ್ಲ. ಒಂದು ಕಷ್ಟವೂ ಇದೆ, ಯಾರೂ ಮಾಡಲೊಪ್ಪದ ಕೆಲಸವೆಲ್ಲ ನಮ್ಮ ತಲೆಗೇ ಬರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನರ್ಸಿಂಗ್ ಮುಗಿಸಿದ ನಾನು ಹಾಲ್ಕುರಿಕೆ ಕಡೆಯ ಹಳ್ಳಿಯೊಂದರ ಮಿಷನ್ ಆಸ್ಪತ್ರೆಗೆ ಸೇವೆ ಮಾಡಲು ಹೊರಟಾಗ, ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ನಮ್ಮಪ್ಪ, "ಮನೇಲಿ ಕುಡಿದ ಲೋಟ ಎತ್ತಿಡಲ್ಲ, ಊರ ಸೇವೆಗೆ ಹೊರಟ್ಳು" ಎಂದಿದ್ದರು. ನನ್ನ ಬಿಳಿ ಸೀರೆ ಕಂಡೊಡನೆ ರೋಗಗಳೆಲ್ಲ ಎದ್ದು ದಾರಿ ಬಿಡುತ್ತವೆ ಎಂದು ನಾನು ಎಣಿಸಿದ್ದೆ. ರೋಗದ ಮಾತು ಹಾಗಿರಲಿ, ರೋಗಿಯೇ ಮರ ಹತ್ತಿ ಕುಳಿತರೆ ಏನು ಮಾಡಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ರಂಗಪ್ಪ ಊರವರ ತೋಟಗಳಲ್ಲಿ ಕಾಯಿ ಕೆಡವುವ ಆಳು. ಅವನನ್ನು ಹುಚ್ಚುನಾಯಿ ಕಚ್ಚಿತ್ತು. ಆಗೆಲ್ಲ ಅದಕ್ಕೆ ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್. ಅರ್ಧ ಮುಗಿಯುವಷ್ಟರಲ್ಲಿ ಹೊಟ್ಟೆ ಗಂಟುಕಟ್ಟಿ, "ಮರ ತಬ್ಬಿ ಹತ್ತೋನಿಗೆ ಹೊಟ್ಟೆ ಬೇಕು ನರ್ಸಮ್ಮ, ಸಾಕು ಬುಡಿ" ಎಂದು ಹೋದವನು ಮಾರನೆಯ ದಿನ ಬರಲೇ ಇಲ್ಲ. ಕಚ್ಚಿದ ನಾಯಿ ನೊರೆ ಕಾರಿ ಸತ್ತಿತ್ತು. ಈ ರೋಗ ಬಂದವನೊಬ್ಬನನ್ನು ನಾನು ತರಬೇತಿಯಲ್ಲಿ ನೋಡಿದ್ದೆ. ನೀರಿನ ಲೋಟ ಕಂಡರೆ ಕಿರುಚುತ್ತಿದ್ದ. ಒಮ್ಮೆ ಬಂತೆಂದರೆ ಅದಕ್ಕೆ ಮದ್ದೇ ಇಲ್ಲ.

ತಿಪಟೂರಿನಿಂದ ಬಸ್ಸಿನಲ್ಲಿ ಬಂದಿದ್ದ ಇಂಜೆಕ್ಷನ್ ಇನ್ನೂ ಐಸ್ ತುಂಬಿದ ಫ್ಲಾಸ್ಕಿನಲ್ಲೇ ಇತ್ತು. ಅದನ್ನೆತ್ತಿಕೊಂಡು ತೋಟಕ್ಕೆ ಓಡಿದೆ. ನನ್ನನ್ನು ಕಂಡವನೇ ರಂಗಪ್ಪ ಸರಸರನೆ ಮರ ಹತ್ತಿಬಿಟ್ಟ, ಆ ನೋವಿನ ಹೊಟ್ಟೆಯಲ್ಲಿ! ಅವನ ಹೆಂಡತಿ ಪುಟ್ಟಮ್ಮ ಬುಡದಲ್ಲಿ ನಿಂತು ತಲೆ ಚಚ್ಚಿಕೊಂಡಳು. "ಇವ್ನ್ ಮನೆ ಕಾಯೋಗ! ಇಳ್ದು ಬತ್ತೀಯೋ ಇಲ್ವೋ? ಮಕ್ಳ ಮುಖನಾದ್ರೂ ನೋಡಪ್ಪ!"

"ನಂಗೇನೂ ಆಗಿಲ್ಲ ಕಣೇ. ಆ ರೋಗ ಬಂದೋರು ನೀರು ಕಂಡ್ರೆ ಹೆದರ್ತಾರಂತಲ್ಲ, ನೋಡೀಗ" ಎಂದು ರಂಗಪ್ಪ ಮೇಲೇ ಒಂದು ಎಳನೀರು ಕೆತ್ತಿ ಬಾಯಿಗೆತ್ತಿದ. ನಾನು ಉಸಿರು ಬಿಗಿಹಿಡಿದು ಅವನ ಗಂಟಲನ್ನೇ ನೋಡಿದೆ. ಗಟಗಟ ಇಳಿಯಿತು. ಸದ್ಯ, ಬದುಕಿದೆ! ಬುರುಡೆ ಮಾತ್ರ ನನ್ನ ಪಕ್ಕದಲ್ಲೇ ದೊಪ್ಪನೆ ಬಿತ್ತು.

"ಇವತ್ತು ಕುಡಿದೆ ಕಣಪ್ಪ, ನಾಳೆ ಕುಡಿಯೋಕಾಗದೇ ಇದ್ರೆ?" ಎಂದು ಕೂಗಿದೆ. ಗದರಿಸಬೇಕೆಂದಿದ್ದೆ, ಅಳು ಬಂದಿತ್ತು. ಫ್ಲಾಸ್ಕ್ ಅಲುಗಿಸಿದರೆ ಐಸಿನ ಸದ್ದಿಲ್ಲ, ಬರೀ ನೀರು. ಇನ್ನು ಸ್ವಲ್ಪ ಹೊತ್ತಾದರೆ ಮದ್ದು ಕೆಟ್ಟಂತೆಯೇ.

ರಂಗಪ್ಪ ಮೇಲಿನಿಂದ, "ಚುಚ್ಚೋರಿಗೇನ್ ಗೊತ್ತು ನರ್ಸಮ್ಮಾರೇ? ನೀವೂ ಒಂದು ಚುಚ್ಚಿಸ್ಕಳಿ, ನಾನ್ ನೋಡ್ಬೇಕು. ಆಮ್ಯಾಕೆ ಇಳೀತೀನಿ" ಎಂದ.

ನಾನು ಬೆವೆತೆ. ನರ್ಸುಗಳಿಗೆ ಸೂಜಿಯ ಭಯವಿಲ್ಲ ಎಂಬುದು ರೋಗಿಗಳ ನಂಬಿಕೆ. ಅದನ್ನು ನಾವ್ಯಾರೂ ಅಲ್ಲಗಳೆಯುವುದಿಲ್ಲ. ಅಷ್ಟರಲ್ಲಿ ನನ್ನ ಹಿಂದೆಯೇ ಬಂದಿದ್ದ ಆಸ್ಪತ್ರೆಯ ಮುಖ್ಯಸ್ಥೆ ಮದರ್ ತಮ್ಮ ಚೀಲ ಬಿಚ್ಚಿದರು. "ಧನುರ್ವಾಯು ಇಂಜೆಕ್ಷನ್ ತಗೋ ಅಂತ ಬಂದ ದಿನದಿಂದ ಹೇಳ್ತಿದ್ದೀನಿ. ತಪ್ಪಿಸ್ಕೊಂಡು ತಿರುಗ್ತಿದ್ದೀಯ. ತೋಳು ಕೊಡು."

ಕಣ್ಣು ಮುಚ್ಚಿ ಕೊಟ್ಟೆ. "ಅಯ್ಯಯ್ಯೋ ಅಮ್ಮಾ!" ಎಂದು ನಾನು ಕಿರುಚಿದ್ದಕ್ಕೆ ಪಕ್ಕದ ತೋಟದವರೂ ಓಡಿಬಂದರು. ರಂಗಪ್ಪ ಜರ್ರನೆ ಇಳಿದು, ಮರದಡಿಯಲ್ಲೇ ಮಲಗಿ, ಅಂಗಿ ಎತ್ತಿದ. ಚುಚ್ಚಿದಾಗ ಹಲ್ಲು ಕಚ್ಚಿದ, ಅಷ್ಟೇ. ಎದ್ದವನು, "ಉಜ್ಕಳಿ ನರ್ಸಮ್ಮ, ನೋವು ಕಮ್ಮಿ ಆಯ್ತದೆ" ಎಂದು ನನಗೇ ಸಮಾಧಾನ ಹೇಳಿದ. ಉಳಿದ ಇಂಜೆಕ್ಷನ್ನುಗಳಿಗೆ ಒಂದು ದಿನವೂ ತಪ್ಪಿಸಲಿಲ್ಲ. ಹೊಟ್ಟೆಯ ಗಂಟು ಕರಗಿತು, ಮತ್ತೆ ಕೆಲಸಕ್ಕೆ ಹೋದ.

ತಿಂಗಳು ಕಳೆಯಿತು. ನನ್ನ ಧನುರ್ವಾಯು ಇಂಜೆಕ್ಷನ್ನಿನ ಎರಡನೆಯ ಡೋಸಿನ ದಿನ, ಮದರ್ ನನ್ನ ಹೆಸರು ಹಿಡಿದು ಕೂಗುತ್ತ ಆಸ್ಪತ್ರೆಯ ಹಿತ್ತಲಿಗೆ ಬಂದರು. ಆಗ ಪಕ್ಕದ ತೋಟದ ಮರದ ತುದಿಯಿಂದ, ಹುಚ್ಚುನಾಯಿ ಕಚ್ಚಿಯೂ ಗುಂಡುಕಲ್ಲಿನ ಹಾಗಿದ್ದ ರಂಗಪ್ಪನ ದನಿ ಕೇಳಿತು: "ಮದರಮ್ಮಾರೇ, ಇಲ್ಲೇ ಅವ್ರೆ ನೋಡಿ! ಕಾಯಿ ಸಿಪ್ಪೆ ರಾಶಿ ಹಿಂದೆ ಕುಂತವ್ರೆ!"