ಗಾಳಿಗೆ ದರ ನಿಗದಿಪಡಿಸುವ ಹಾಗೂ ಹನ್ನೆರಡು ಕಾಲು ತೊಳೆಯುವ ಬಗ್ಗೆ

ಇಂದ:
ಹೇಮಂತ್ ಬಿನ್ ಆನಂದಪ್ಪ,
ಕುರಿ ಸಾಕಣೆ, ಏಳನೇ ಕ್ಲಾಸು (ಅರ್ಧ),
ಕೆಳಗಿನ ಕೇರಿ, ಬಾನಿಕೊಪ್ಪ, ಶಿಕಾರಿಪುರ ತಾಲ್ಲೂಕು.

ಗೆ:
ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳು (ಕುರ್ಚಿಯಲ್ಲಿ ಇದ್ದರೆ),
ಗ್ರಾಮ ಪಂಚಾಯ್ತಿ, ಬಾನಿಕೊಪ್ಪ.

ವಿಷಯ: ನಮ್ಮ ನಲ್ಲಿಗೆ ತಾವು ಸರಬರಾಜು ಮಾಡುತ್ತಿರುವ ಗಾಳಿಗೆ ನೀರಿನ ದರ ಹಾಕಿರುವ ಬಗ್ಗೆ, ಹಾಗೂ ಗುರುವಾರ ಹನ್ನೊಂದು ಗಂಟೆಗೆ ಒಂದು ಕೊಡ ನೀರು ಬಿಡುವ ಬಗ್ಗೆ.

ಉಲ್ಲೇಖ:
1) ಬಾಕಿ ಕಟ್ಟದಿದ್ದರೆ ಬುಧವಾರ ನಲ್ಲಿ ಸಂಪರ್ಕ ಕಡಿತ ಎಂಬ ತಮ್ಮ ನೋಟಿಸು.
2) ನನ್ನ ಹಿಂದಿನ ಮೂರು ಅರ್ಜಿಗಳು. ಅವುಗಳ ಪೈಕಿ ಒಂದರಲ್ಲಿ ತಮ್ಮ ಕಚೇರಿ ಎದುರಿನ ಅಂಗಡಿಯವರು ಮಿರ್ಚಿ ಕಟ್ಟಿಕೊಟ್ಟಿದ್ದು, ಅದನ್ನು ನಾನೇ ತಿಂದಿರುತ್ತೇನೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹಲ್ಲು ಕಚ್ಚಿಕೊಂಡು ವಿನಂತಿಸುವುದೇನೆಂದರೆ:

1. ಎರಡು ವರ್ಷದ ಹಿಂದೆ ನಮ್ಮ ಮನೆಗೆ ನಲ್ಲಿಯನ್ನೂ ಮೀಟರನ್ನೂ ಹಾಕಿದಿರಿ. ನಮ್ಮ ಅಜ್ಜಿ ಗುಡ್ಡಮ್ಮ ಅಂದೇ ಗಂಗೆ ಪೂಜೆ ಮಾಡಿದಳು. ಮೀಟರಿನ ಗಾಜು ಮುಖದ ಹಾಗೆ ದುಂಡಗಿದ್ದ ಕಾರಣ ದೊಡ್ಡ ಬೊಟ್ಟನ್ನು ಅದಕ್ಕೇ ಇಟ್ಟಳು. ಆಮೇಲೆ ಪ್ರತಿ ಶುಕ್ರವಾರ ಇಟ್ಟಳು. ಈಗ ಗಾಜಿನ ಮೇಲೆ ಬೆರಳು ದಪ್ಪ ಕುಂಕುಮವಿದ್ದು, ಆದ್ದರಿಂದ ಅಂಕಿ ಕಾಣುವುದಿಲ್ಲ. ಇದು ನಮ್ಮ ತಪ್ಪು. ಒಪ್ಪಿದ್ದೇನೆ. ಮುಂದಿನವು ನಮ್ಮವಲ್ಲ.

2. ನಲ್ಲಿಯಲ್ಲಿ ಅರ್ಧ ಗಂಟೆ ಗಾಳಿ ಬರುತ್ತದೆ. ಬಳಿಕ ಕೆಮ್ಮಿ ನಾಲ್ಕು ಸಲ ಉಗಿದು ನಿಲ್ಲುತ್ತದೆ. ನೀರಿಗೆ ಎತ್ತಿನ ಹಾಗೆ ನಡೆಯುತ್ತಿದ್ದ ಮೀಟರು ಗಾಳಿಗೆ ಹೊಸ ಬೈಕಿನ ಹಾಗೆ ಓಡುತ್ತದೆ. ಮೊದಮೊದಲು ಈ ಸದ್ದಿಗೆ ನಮ್ಮ ಕುರಿಗಳು ಬಾನಿಯ ಹತ್ತಿರ ಓಡಿ ಬರುತ್ತಿದ್ದವು. ಈಗ ತಲೆಯನ್ನೂ ಎತ್ತುವುದಿಲ್ಲ. ಅರ್ಜಿದಾರನಿಗಿಂತ ಮೊದಲು ಅವಕ್ಕೆ ಅರ್ಥವಾಗಿರುತ್ತದೆ.

3. ತಮ್ಮ ನೀರುಗಂಟಿ ಗುತ್ಯಪ್ಪನವರು ಮೀಟರು ಓದಲು ಬಂದು, ಚಪ್ಪಲಿ ಬಿಟ್ಟು, ಕೈ ಮುಗಿದು, ಕುಂಕುಮ ಒರೆಸಲು ಹೋದರು. ಕೈ ತೊಳೆಯದೆ ಗಂಗವ್ವನ್ನ ಮುಟ್ಟಬೇಡಪ್ಪ ಎಂದಳು ಅಜ್ಜಿ. ಅವರು ಕೈ ತೊಳೆಯಲು ನಲ್ಲಿ ತಿರುಗಿಸಿದರು. ಗಾಳಿ ಬಂತು. ಅಂಗೈ ಒಡ್ಡಿಕೊಂಡು ಹತ್ತು ನಿಮಿಷ ನಿಂತರು. ಕುಂಕುಮದ ಹಿಂದೆ ಮೀಟರು ಕಿರ್ರೆಂದು ಓಡುತ್ತಲೇ ಇತ್ತು. ಕಾರಣ ಅವರು ಸದ್ದಿನ ಮೇಲೆ ಅಂದಾಜು ಮಾಡಿ ಯೂನಿಟ್ ಬರೆದುಕೊಂಡು, "ನಿಮ್ಮನ್ಯಾಗ ಬಳಕೆ ಭಾಳ ಐತ್ರೀ" ಎಂದು ಹೊರಟರು. ಹೀಗೆಯೇ ಹದಿನಾಲ್ಕು ತಿಂಗಳು. ಬಿಲ್ ಓದಿದವರು ಅಂಜನಾಪುರ ಡ್ಯಾಮಿನ ಗೇಟನ್ನು ನಮ್ಮ ಬಚ್ಚಲಿಗೇ ತೆರೆದಿದ್ದಾರೆ ಎಂದುಕೊಳ್ಳಬೇಕು.

ನಾನು ಕೇಳಿದ್ದಕ್ಕೆ ಅವರು ಹೇಳಿದ ಕಾನೂನು: "ಮೀಟರ್ ತಿರುಗಿದ್ರೆ ನೀರು ಅಂತ ಲೆಕ್ಕ. ಒಳಗ ಏನ್ ಬಂತು ಅನ್ನೋದು ನಿಮ್ಮ ಮನೀ ವಿಚಾರ."

4. ಇನ್ನು ಮನೆಯ ವಿಚಾರ. ಸೊರಬ ತಾಲ್ಲೂಕು ಕುಪ್ಪಗಡ್ಡೆಯ ಯತೀಶನಿಗೆ ನನ್ನ ತಂಗಿ ಮಾನಸಳನ್ನು ಕೇಳಿ ಹೋದ ಗುರುವಾರ ಆರು ಜನ ಬಂದಿದ್ದರು. ಮನೆಯಲ್ಲಿ ನೀರು ಹಗಲೂ ರಾತ್ರಿ ಬರುತ್ತದೆ ಎಂದು ನಾವೇ ಹೇಳಿ ಕಳಿಸಿದ್ದೆವು. ಹನ್ನೊಂದಕ್ಕೆ ನೀರು ಬಿಡುವುದಾಗಿ ಗುತ್ಯಪ್ಪನವರು ಮಾತು ಕೊಟ್ಟಿದ್ದರು. ಬೀಗರ ಕಾಲಿಗೆ ಹಿಡಿದಿಟ್ಟ ನೀರು ಕೊಡಬಾರದೆಂದು ಅಜ್ಜಿ ಬೆಳಿಗ್ಗೆಯೇ ಕೊಡಗಳನ್ನೆಲ್ಲ ಕುರಿಗಳಿಗೆ ಸುರಿದಿದ್ದಳು.

ಆರು ಜನ, ಹನ್ನೆರಡು ಬರಿಗಾಲು, ಕಾದ ಚಪ್ಪಡಿ. ಅಜ್ಜಿ ಚೆಂಬು ಹಿಡಿದು ನಲ್ಲಿ ತಿರುಗಿಸಿದಳು. ನಲ್ಲಿಯು ಹುಡುಗನ ತಾಯಿ ಧನಲಕ್ಷ್ಮಿಯವರ ರೇಷ್ಮೆ ಸೀರೆಯ ಮೇಲೆ ಒಂದು ಮುಷ್ಟಿ ತುಕ್ಕು ಊದಿತು. ಈಗ ಬರುತ್ತೆ, ಈಗ ಬಂತು ಎಂದು ಅಪ್ಪ ಹೇಳುತ್ತಲೇ ಇದ್ದ. ಒಳಗಿನಿಂದ ಮಾನಸ, "ಅದು ಬರಂಗಿಲ್ರೀ. ನಾ ಸ್ಕೂಲ್ ಬೋರಿಂದ ತರ್ತೀನಿ, ನೆರಳಿಗೆ ನಿಂತಿರ್ರಿ" ಎಂದಳು. ಅಜ್ಜಿ ಅವಳ ಬಾಯಿ ಮುಚ್ಚಿಸಿದಳು.

ಧನಲಕ್ಷ್ಮಿಯವರು ಚಪ್ಪಲಿ ಮೆಟ್ಟಿಕೊಂಡರು. "ನೀರಿಲ್ಲ ಅಂದಿದ್ರೆ ಕಾಲು ಒರೆಸ್ಕೊಂಡು ಒಳಗೆ ಬರ್ತಿದ್ವಿ ಮಾರಾಯ್ರೆ. ನಿಮ್ಮನೇಲಿ ನಿಜ ಹೇಳಿದ್ದು ಆ ಹುಡುಗಿ ಒಬ್ಬಳೇ. ಅವಳ ಮುಖ ನೋಡಿ ಬರೋ ಗುರುವಾರ ಇನ್ನೊಂದ್ಸಲ ಬರ್ತೇವೆ. ಆವತ್ತೂ ಹಿಂಗೇ ಸುಳ್ಳಾದ್ರೆ ಈ ಸಂಬಂಧ ಬೇಡ."

ಮಾನಸ ಅಂದಿನಿಂದ ಅಜ್ಜಿಯೊಂದಿಗೂ ನನ್ನೊಂದಿಗೂ ಮಾತಾಡಿಲ್ಲ. ಯತೀಶ ಹೋಗುವಾಗ ಎರಡು ಸಲ ತಿರುಗಿ ನೋಡಿದ್ದನ್ನು ನಾನು ನೋಡಿರುತ್ತೇನೆ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಾವು ದಯಮಾಡಿ

ಅ) ಗಾಳಿಗೆ ಬೇರೆ ದರ ನಿಗದಿ ಮಾಡಬೇಕು. ಇಡೀ ಊರಲ್ಲಿ ಎಲ್ಲರೂ ಬಿಟ್ಟಿಯಾಗಿ ಉಸಿರಾಡುತ್ತಿದ್ದು, ನಾವು ಮಾತ್ರ ಯೂನಿಟ್ ಲೆಕ್ಕದಲ್ಲಿ ಏಕೆ ಎಂದು ಲಿಖಿತವಾಗಿ ತಿಳಿಸಬೇಕು.

ಆ) ಗುರುವಾರ ಹನ್ನೊಂದಕ್ಕೆ ಒಂದು ಕೊಡ ನೀರು ಬಿಡಬೇಕು. ಕುಂಕುಮ ಒರೆಸಲು ಅಜ್ಜಿ ಒಪ್ಪಿದ್ದಾಳೆ, ಕೈ ತೊಳೆಯಲು ನೀರು ಬಂದ ಮೇಲೆ.

ಇ) ಅದು ಆಗದಿದ್ದಲ್ಲಿ, ನೋಟಿಸಿನಲ್ಲಿ ಹೇಳಿದಂತೆ ಬುಧವಾರವೇ ನಮ್ಮ ನಲ್ಲಿಯನ್ನು ಕತ್ತರಿಸಬೇಕು. ತಮ್ಮ ಕಚೇರಿಯ ವಾಡಿಕೆಯಂತೆ ಶುಕ್ರವಾರಕ್ಕೆ ಮುಂದೂಡಬಾರದು. ಗುರುವಾರ ಅದು ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ನೀರಿಲ್ಲ ಎಂದು ನಾವೇ ಬಾಗಿಲಲ್ಲಿ ನಿಂತು ಹೇಳುತ್ತೇವೆ. ಮಾನಸ ಬೋರಿಂದ ಕೊಡ ಹೊತ್ತು ತರುತ್ತಾಳೆ. ಈ ಸಲ ಅವಳ ಜೊತೆ ನಾನೂ ಹೊರುತ್ತೇನೆ.

ತಮ್ಮ ವಿಶ್ವಾಸಿ (ನಲ್ಲಿಯ ಮೇಲೆ ಬಿಟ್ಟು),
ಹೇಮಂತ್

ಲಗತ್ತುಗಳು:
1) ಬಿಲ್ಲುಗಳು, ಹದಿನಾಲ್ಕು.
2) ತುಕ್ಕು, ಒಂದು ಪೊಟ್ಟಣ.
3) ನಮ್ಮ ನಲ್ಲಿಗೆ ಕಟ್ಟಿ ಊದಿಸಿದ ಬಲೂನು, ಒಂದು. ಸರಬರಾಜಿನ ಗುಣಮಟ್ಟ ಪರೀಕ್ಷಿಸಿದ ನಂತರ ಒಡೆಯದೆ ಹಿಂದಿರುಗಿಸುವುದು. ಚಪ್ಪರಕ್ಕೆ ಬೇಕಾಗಬಹುದು.