ಎರಡನೆಯ ಗೋಲ್‌ಕೀಪರನ ಮಾವ

ಕಾಯುವುದು ನನ್ನಿಂದಾಗದ ಕೆಲಸ. ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತೇನೆ. ಬಸ್ಸು ಐದು ನಿಮಿಷ ತಡವಾದರೆ ಆಟೋ ಹತ್ತಿ, ಅದೇ ಬಸ್ಸು ನಮ್ಮನ್ನು ಹಿಂದೆ ಹಾಕಿ ಹೋಗುವುದನ್ನು ನೋಡುತ್ತ ಕೂರುತ್ತೇನೆ. ಅಂಥವನ ಪಾಲಿಗೆ ಫುಟ್ಬಾಲ್ ಆಡುವ ಅಳಿಯ ಬಂದ.

ರಾಯದುರ್ಗದಲ್ಲಿ ನನ್ನದೊಂದು ರೆಡಿಮೇಡ್ ಬಟ್ಟೆ ಅಂಗಡಿ. ಮಗಳು ಶಶಿಕಲಾ ಗುಮ್ಮಘಟ್ಟದಲ್ಲಿ ಟೀಚರ್. ಅವಳು ಮೆಚ್ಚಿದ ಮಹೇಶ ಮಡಕಶಿರಾ ಕಡೆಯ ಅಗಳಿಯವನು. ದೇಶದ ದೊಡ್ಡ ಲೀಗಿನ ಒಂದು ತಂಡದಲ್ಲಿ ಎರಡನೆಯ ಗೋಲ್‌ಕೀಪರ್. ಮೊದಲನೆಯವನಿಗೆ ಪೆಟ್ಟಾದರೆ ಇವನ ಸರದಿ, ಅಲ್ಲಿಯವರೆಗೆ ಬೆಂಚಿನ ಮೇಲೆ ಕೂರಬೇಕು ಎಂದು ತಿಳಿದಾಗ ನನಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ದಿನವಿಡೀ ಅಂಗಡಿಯ ಸ್ಟೂಲಿನ ಮೇಲೆ ಕೂರುವ ನಾನು ಯಾವ ಬಾಯಲ್ಲಿ ಆಕ್ಷೇಪಿಸಲಿ?

ಸೀಸನ್ ಮುಗಿದ ಮೇಲೆ, ಬೇಸಿಗೆಗೆ ಮದುವೆ ಎಂದು ಮಾತಾಯಿತು. ಆದರೆ ಸೀಸನ್ ಶುರುವಾಗಲೇ ಇಲ್ಲ. ಲೀಗ್ ನಡೆಸುವ ಕರಾರು ಮುಗಿದಿದೆಯಂತೆ, ಹೊಸದು ಆಗಿಲ್ಲವಂತೆ. ದಸರಾ ಹೋಯಿತು, ದೀಪಾವಳಿ ಹೋಯಿತು. ತಂಡದವರು ಅಭ್ಯಾಸ ನಿಲ್ಲಿಸಿ ಮಹೇಶನನ್ನು ಮನೆಗೆ ಕಳಿಸಿದರು. "ಯಾಕ್ರಿ, ನಿಮ್ಮ ಅಳಿಯಂದ್ರಿಗೆ ಕೆಲಸ ಹೋತಂತ?" ಎಂದು ಗಿರಾಕಿಗಳು ಕೇಳಿದರೆ, ನಾನು ಮಡಿಸಿಟ್ಟ ಪ್ಯಾಂಟುಗಳನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ.

ತಡೆಯಲಾರದೆ ಅಗಳಿಗೆ ಹೋದೆ. ಹಿಪ್ಪುನೇರಳೆ ತೋಟದ ಪಕ್ಕದ ಬಯಲಲ್ಲಿ ಬೀಗರು ಈರಣ್ಣನವರು ಚೆಂಡು ಒದೆಯುತ್ತಿದ್ದರು. ಮಹೇಶ ಹಾರಿ ಹಿಡಿಯುತ್ತಿದ್ದ. ಅರವತ್ತು ದಾಟಿದ ಬೀಗರ ಕಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

"ಏನ್ ಮಾಡಾದು ಬೀಗ್ರೇ, ಒದಿಯೋರು ಬೇರೆ ಯಾರವ್ರೆ? ರೂಢಿ ತಪ್ಪುದ್ರೆ ತಂಡದೋರು ಕೈಬಿಡ್ತಾರಂತೆ" ಎಂದರು.

ಮಹೇಶ ತಲೆ ತಗ್ಗಿಸಿ, "ಮಾವ, ಈ ವರ್ಷ ಆಟ್ವೇ ಇಲ್ದಿದ್ರೆ ಬೇರೆ ಕೆಲ್ಸ ನೋಡ್ಕೊಂತೀನಿ. ಶಶಿಗೂ ಹೇಳಿದೀನಿ" ಎಂದ.

ಅವನ ಮುಖ ನೋಡಲಾಗಲಿಲ್ಲ. ನಾನೂ ಪಂಚೆ ಎತ್ತಿಕಟ್ಟಿ ನಾಲ್ಕು ಸಲ ಒದ್ದೆ. ಒಂದು ಹಿಪ್ಪುನೇರಳೆಯೊಳಗೆ ಹೋಯಿತು. ಉಳಿದ ಮೂರು ಅವನ ಕಾಲ ಬಳಿಗೆ ಉರುಳಿಕೊಂಡು ಹೋದವು. ಪಾಪ, ಮಾವನ ಮರ್ಯಾದೆಗಾಗಿ ಅವನ್ನೂ ಹಾರಿಯೇ ಹಿಡಿದ.

ವಾಪಸು ಬರುವಾಗ ಬಸ್ಸಿನಲ್ಲಿ ಉಪಾಯ ಹೊಳೆಯಿತು: ಹುಡುಗ ಬಿಡುವಾಗಿರುವಾಗಲೇ ಮದುವೆ ಮುಗಿಸಿಬಿಡೋಣ. ಮಾಘದಲ್ಲಿ ಮುಹೂರ್ತ ಹಿಡಿಸಿದೆ, ಕಲ್ಯಾಣಮಂಟಪ ಗೊತ್ತುಮಾಡಿದೆ, ಲಗ್ನಪತ್ರಿಕೆಯನ್ನೂ ಹಂಚಿದೆ. ಹಂಚಿ ಮುಗಿದ ವಾರಕ್ಕೆ ಮಹೇಶನ ಫೋನು. "ಮಾವ, ಲೀಗ್ ಶುರುವಾಗ್ತೈತೆ. ನಮ್ ಮದ್ವೆ ತಿಂಗ್ಳಲ್ಲೇ."

ಹೆಂಡತಿ ಗಿರಿಜಾ ಸಮಾಧಾನದಿಂದಲೇ ಕೇಳಿದಳು. "ನಿಮಗ ಅವಸರ ಮಾಡ್ರಿ ಅಂದೋರು ಯಾರು? ತಾಳಿ ಕಟ್ಟಾಕ ಎರಡನೇ ವರನ್ನ ಬೆಂಚಿನ ಮ್ಯಾಲ ಕುಂದ್ರಿಸೀರೇನು?"

ಹೊಸ ಏರ್ಪಾಡಿನಲ್ಲಿ ಪ್ರತಿ ತಂಡವೂ ಇನ್ನೊಂದರ ಎದುರು ಎರಡು ಸಲದ ಬದಲು ಒಂದೇ ಸಲ ಆಡುವುದಂತೆ. ಪಂದ್ಯಗಳ ಪಟ್ಟಿ ಮಾತ್ರ ಬಂದಿರಲಿಲ್ಲ. ಹದಿನಾಲ್ಕು ದಿನ ಕಾದೆವು. ಒಂದು ಮಧ್ಯಾಹ್ನ ಶಶಿಕಲಾ ಫೋನು ಹಿಡಿದು ಅಂಗಡಿಗೇ ಬಂದಳು. "ಅಪ್ಪ, ಮುಹೂರ್ತದ ಹಿಂದ ಮೂರು ದಿನ, ಮುಂದ ನಾಕು ದಿನ ಮ್ಯಾಚ್ ಇಲ್ಲ. ಕೋಚ್ ರಜಾನೂ ಕೊಟ್ಟಾರ" ಎಂದು ಬಟ್ಟೆಯ ಗಂಟಿನ ಮೇಲೆಯೇ ಕುಳಿತು ಅತ್ತಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಪಂದ್ಯಗಳನ್ನು ಅರ್ಧಕ್ಕಿಳಿಸಿದ ಆ ಪುಣ್ಯಾತ್ಮರು ಯಾರೋ, ಅವರಿಗೂ ಒಂದು ಪತ್ರಿಕೆ ಕೊಡಬೇಕಿತ್ತು ಅನಿಸಿತು.

ಮದುವೆ ಚೆನ್ನಾಗಿಯೇ ಆಯಿತು. ವಾರದೊಳಗೆ ಟಿವಿಯಲ್ಲಿ ಅಳಿಯನ ತಂಡದ ಪಂದ್ಯ. ನಮ್ಮವನನ್ನು ಒಂದೇ ಒಂದು ಸಲ ತೋರಿಸಿದರು, ನೀರು ಕುಡಿಯುತ್ತಿದ್ದ.

ಮರುದಿನ ಪಕ್ಕದ ಅಂಗಡಿಯ ಬಸಣ್ಣ ಕೇಳಿದ. "ಅಳಿಯಂದ್ರು ಆಡಿದ್ರೇನ್ರಿ?"

"ಅವ್ರನ್ನ ಇಳಿಸೋ ಪ್ರಸಂಗನ ಬರ್ಲಿಲ್ರಿ" ಎಂದೆ, ಗಂಭೀರವಾಗಿ. ತಂಡ ನಾಲ್ಕು ಗೋಲುಗಳಿಂದ ಸೋತದ್ದನ್ನು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.