ಬಾವನವರು ನಾಯಿಗೆ ನೆಂಟಸ್ತಿಕೆ ಕಲಿಸಿದ್ದು

ನಮ್ಮ ಬಾವನವರಿಗೂ ಅವರ ನಾಯಿಗೂ ಇರುವ ವ್ಯತ್ಯಾಸ ಒಂದೇ. ನಾಯಿ ಬೊಗಳುವ ಮುಂಚೆ ಒಂದು ಗಳಿಗೆ ಯೋಚಿಸುತ್ತದೆ! ನನ್ನ ಗಂಡನ ಸ್ವಂತ ಅಣ್ಣ ಅನ್ನುವ ಗೌರವ ಇಟ್ಟುಕೊಂಡೇ ಬರೆಯುತ್ತಿದ್ದೇನೆ, ಶಿವ ಮನ್ನಿಸಲಿ.

ನಾಯಿ ತಂದದ್ದು ರಾಗಿ ಹೊಲಕ್ಕೆ ನುಗ್ಗುವ ಆನೆ, ಹಂದಿ ಓಡಿಸಲಿಕ್ಕೆ. ಆನೆ ಘೀಳಿಟ್ಟರೆ ಅದು ಬಾವನವರ ಮಂಚದ ಕೆಳಗೆ. ಮನುಷ್ಯರು ಬಂದರೆ ಮಾತ್ರ ಹುಲಿ. ಆಗಷ್ಟೇ ತಾಳವಾಡಿ ಕಡೆಗೆ ಸೆಲ್‌ಫೋನ್ ಬಂದಿತ್ತು. ನಮ್ಮೂರವರು ಅದರಲ್ಲಿ ಆಡಲು ಕಲಿತ ಮೊದಲ ಮಾತೇ, "ನಾಯಿ ಕಟ್ಟಿದ್ದೀರಾ?"

ನಾನು ಅಕ್ಕ ಅನ್ನುತ್ತಿದ್ದ ಅವರ ಹೆಂಡತಿ ತೀರಿಹೋದ ಮೇಲೆ ಬಾವನವರಿಗೆ ಮನೆಯಲ್ಲಿ ಜೊತೆ ಅಂದರೆ ಅದೊಂದೇ. ಇರುವ ಒಬ್ಬ ಮಗಳನ್ನು ಗೆಟ್ಟವಾಡಿಗೆ ಕೊಟ್ಟಿತ್ತು. ಅವಳು ಬಸುರಿಯಾದಾಗ ಬೀಗಿತ್ತಿ ಹೇಳಿ ಕಳಿಸಿದರು: "ಆ ನಾಯಿ ಪಳಗ್ದೆ ನಮ್ ಕೂಸ್ನ ನಿಮ್ಮಟ್ಟಿಗೆ ಕಳ್ಸಾಕಿಲ್ಲ."

"ಯಾರ್ಗಾರ ಕೊಟ್ಬುಡಿ ಬಾವ" ಅಂದೆ.

"ನಾಯ್ನ ಯಾವನ್ಗೋ ಕೊಡ್ತೀನಿ ಸರಿ, ಆಮೇಕೆ ಅವ್ನ ಎಲ್ಲಿಗೆ ಕೊಡ್ಲವ್ವ, ಆಸ್ಪತ್ರೆಗಾ?"

ಶುರುವಾಯಿತು ಪಾಠ. ಮನೆಗೆ ಬಂದವರು ಹಣೆಗೆ ವಿಭೂತಿ ಹಚ್ಚಿಕೊಂಡು, ಕೈಯಾರೆ ಒಂದು ತುತ್ತು ಮುದ್ದೆ ನಾಯಿಗೆ ಹಾಕಬೇಕು. ವಿಭೂತಿ ಕಂಡರೆ ನೆಂಟರು ಅಂತ ಅದಕ್ಕೆ ಗೊತ್ತಾಗುತ್ತದಂತೆ. ಗೇಟಿಗೊಂದು ವಿಭೂತಿ ಡಬ್ಬ ನೇತುಹಾಕಿದರು. ಮದುವೆಯಾದಂದಿನಿಂದ ನಾನು ಗೋಗರೆದರೂ ವಿಭೂತಿ ಮುಟ್ಟದ ನನ್ನ ಗಂಡ ಆ ಗೇಟಿನಲ್ಲಿ ಮೂರು ಬೆರಳೂ ಅದ್ದಿ ಹಚ್ಚಿಕೊಂಡರು. ಭಕ್ತಿ ನಾಯಿಯ ರೂಪದಲ್ಲಿ ಬಂದರೆ ಬೇಡ ಅನ್ನಲು ನಾನ್ಯಾರು?

ಆಮೇಲೆ ಕೂಸಿನ ಪಾಠ. ನಾಮಕರಣದ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುತ್ತೇವಲ್ಲ, ಬಾವನವರು ಅದನ್ನೇ ಹಿಡಿದರು. ನನ್ನ ಒರಳಿನ ಗುಂಡುಕಲ್ಲನ್ನೇ ಹೊತ್ತುಕೊಂಡು ಹೋಗಿ, ಬಟ್ಟೆ ಸುತ್ತಿ, ಕುಲಾವಿ ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿದರು. ಪಕ್ಕದಲ್ಲಿ ನಾಯಿ ಕೂರಿಸಿಕೊಂಡು ಜೋಗುಳ ಬೇರೆ. ಕರೆಂಟು ಹೋದ ದಿನ ಚಟ್ನಿ ರುಬ್ಬಬೇಕು ಅಂತ ಕಲ್ಲು ಕೇಳಲು ಹೋದರೆ ನಾಯಿ ಹಲ್ಲು ಕಿರಿದು ಗುರ್ ಅಂದಿತು.

"ಮೆತ್ತಗ್ ಮಾತಾಡವ್ವ, ಮಲ್ಕಂಡದೆ" ಅಂದರು ಬಾವ.

"ಯಾರು, ಕಲ್ಲಾ?"

"ಇನ್ಯಾರು?"

ಚಟ್ನಿ ಇಲ್ಲದೆಯೇ ದೋಸೆ ತಿನ್ನುವುದನ್ನು ನನ್ನ ಗಂಡ ಕಲಿತರು. ಅದೂ ಶಿವನ ದಯೆಯೇ.

ಹೆರಿಗೆ ಗೆಟ್ಟವಾಡಿಯಲ್ಲೇ ಸುಸೂತ್ರವಾಯಿತು. ಮಗಳು ಬರುವ ದಿನ ಹತ್ತಿರವಾದಂತೆ ಬಾವನವರಿಗೆ ಹೊಸ ದಿಗಿಲು. ಕಲ್ಲನ್ನೇ ಯಾರಿಗೂ ಮುಟ್ಟಗೊಡದ ನಾಯಿ, ನಾಳೆ ಕೂಸನ್ನು ಹೆತ್ತವಳಿಗೂ ಮುಟ್ಟಗೊಡದಿದ್ದರೆ? ಕಾರು ಬಂದಾಗ ಅವರು ನಾಯಿಯ ಹಗ್ಗ ಬಿಗಿಯಾಗಿ ಹಿಡಿದು, ಅಂಗಳದಾಚೆ ಹುಣಸೆಮರದ ಕೆಳಗೆ ಕೂತುಬಿಟ್ಟರು. ಊಟವೂ ಅಲ್ಲೇ.

"ಹಗ್ಗ ನಾನ್ ಇಡ್ಕತೀನಿ, ಕೂಸ ನೋಡ್ಬನ್ನಿ ಬಾವ."

"ಬ್ಯಾಡ ಕಣವ್ವ. ಇಲ್ಲಿಂದ್ಲೇ ಕಾಣ್ತದೆ."

ಅಲ್ಲಿಂದ ಕಾಣುತ್ತಿದ್ದದ್ದು ಜಗಲಿಯಲ್ಲಿ ಒಣಹಾಕಿದ್ದ ಕೂಸಿನ ಬಟ್ಟೆ ಮಾತ್ರ.

ಸಂಜೆ ಮಗಳು ಕೂಸನ್ನೆತ್ತಿಕೊಂಡು ಹೊರಗೆ ಬಂದಳು. ಜೊತೆಗೆ ಬಂದಿದ್ದ ಬೀಗಿತ್ತಿ ಕೂಗಿದರೂ ನಿಲ್ಲದೆ, ಅಂಗಳ ದಾಟಿ ನೆಟ್ಟಗೆ ಅಪ್ಪನ ಮುಂದೆ ನಿಂತಳು. ನಾಯಿ ಎದ್ದಿತು. ನನ್ನ ಬಾಯಲ್ಲಿ ಪಂಚಾಕ್ಷರಿ.

"ಎತ್ಕೊ ಅಪ್ಪ" ಅಂದಳು.

ಊರನ್ನೆಲ್ಲ ಗದರುವ ಬಾಯಿ ತಡವರಿಸಿತು. "ಕೈ ತೊಳ್ದಿಲ್ಲ ಕಣವ್ವ..."

ಅವಳು ಕೂಸನ್ನು ಅವರ ತೋಳಿಗೇ ಇಟ್ಟಳು. ಹಗ್ಗ ಜಾರಿ ನೆಲಕ್ಕೆ ಬಿದ್ದದ್ದನ್ನು ಬಾವನವರೂ ನೋಡಲಿಲ್ಲ, ನಾಯಿಯೂ ನೋಡಲಿಲ್ಲ. ಇಬ್ಬರೂ ಕೂಸನ್ನೇ ನೋಡುತ್ತಿದ್ದರು.